ಲೂಯಿವಿಲ್‌ನ ಒಂದು ಲಕ್ಷ ಡಾಲರ್: ಮೋಸ ಹೋದವರು ಯಾರು?

2017ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಫೆಡರಲ್ ಪ್ರಾಸಿಕ್ಯೂಟರ್ ಜೂನ್ ಕಿಮ್ ಪತ್ರಿಕಾಗೋಷ್ಠಿ ಕರೆದು, ಕಾಲೇಜು ಬಾಸ್ಕೆಟ್‌ಬಾಲ್‌ಗೆ ಸಂಬಂಧಿಸಿದ ಹತ್ತು ಜನರ ಮೇಲೆ ಆರೋಪ ಹೊರಿಸಿರುವುದಾಗಿ ಪ್ರಕಟಿಸಿದರು. ಅವರಲ್ಲಿ ನಾಲ್ವರು ದೊಡ್ಡ ವಿಶ್ವವಿದ್ಯಾಲಯಗಳ ಸಹಾಯಕ ಕೋಚ್‌ಗಳು. ಒಬ್ಬರು ಅಡಿಡಾಸ್ ಕಂಪನಿಯಲ್ಲಿ ಬಾಸ್ಕೆಟ್‌ಬಾಲ್ ಮಾರುಕಟ್ಟೆ ವಿಭಾಗದ ಹಿರಿಯ ಅಧಿಕಾರಿ ಜೇಮ್ಸ್ ಗ್ಯಾಟೊ. ಅಡಿಡಾಸ್ ಜೊತೆ ಕೆಲಸ ಮಾಡುತ್ತಿದ್ದ ಮರ್ಲ್ ಕೋಡ್, ಆಟಗಾರರ ಏಜೆಂಟ್ ಆಗಲು ಹೊರಟಿದ್ದ ಇಪ್ಪತ್ತನಾಲ್ಕರ ಹರೆಯದ ಕ್ರಿಶ್ಚಿಯನ್ ಡಾಕಿನ್ಸ್, ಒಬ್ಬ ಹಣಕಾಸು ಸಲಹೆಗಾರ, ಹೈಸ್ಕೂಲ್ ಹುಡುಗರ ಬೇಸಿಗೆ ತಂಡವೊಂದರ ನಿರ್ದೇಶಕ, ಸೂಟು ಹೊಲಿಯುವ ವ್ಯಾಪಾರಿ ಉಳಿದವರು.

ಈ ಮೊಕದ್ದಮೆಗೆ ಹಲವು ಕವಲುಗಳಿವೆ. ನಾನು ಮುಖ್ಯವಾಗಿ ಒಂದನ್ನೇ ಹಿಡಿದು ಹೋಗುತ್ತೇನೆ: ಕೆಂಟಕಿ ರಾಜ್ಯದ ಲೂಯಿವಿಲ್ ವಿಶ್ವವಿದ್ಯಾಲಯಕ್ಕೆ ಬ್ರಯಾನ್ ಬೋವೆನ್ ಜೂನಿಯರ್ ಎಂಬ ಆಟಗಾರ ಬರಲಿ ಎಂದು ಅವನ ತಂದೆಗೆ ಗುಟ್ಟಾಗಿ ಕೊಡಲು ಮಾತಾದ ಒಂದು ಲಕ್ಷ ಡಾಲರ್. ನ್ಯಾಯಾಲಯದ ಲೆಕ್ಕದಲ್ಲಿ ಇಲ್ಲಿ ಮೋಸ ಹೋದದ್ದು ವಿಶ್ವವಿದ್ಯಾಲಯ. ನನ್ನ ಲೆಕ್ಕದಲ್ಲಿ ಮೋಸ ಹೋದದ್ದು ಆ ಹುಡುಗ.

ದುಡ್ಡು ಹರಿಯುವ ದಾರಿ

ನಮ್ಮಲ್ಲಿ ಕಾಲೇಜು ತಂಡದ ಪಂದ್ಯ ನೋಡಲು ಸಹಪಾಠಿಗಳು, ಮನೆಯವರು ಬಂದರೆ ಹೆಚ್ಚು. ಅಮೆರಿಕದಲ್ಲಿ ಹಾಗಲ್ಲ. ಲೂಯಿವಿಲ್ ತಂಡ ಆಡುವ ಕ್ರೀಡಾಂಗಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಪ್ರತಿ ಮಾರ್ಚ್‌ನಲ್ಲಿ ನಡೆಯುವ ರಾಷ್ಟ್ರೀಯ ಕಾಲೇಜು ಟೂರ್ನಿಯ ಪ್ರಸಾರ ಹಕ್ಕಿಗೆ ಸಿಬಿಎಸ್ ಮತ್ತು ಟರ್ನರ್ ವಾಹಿನಿಗಳು 2010ರಲ್ಲಿ ಒಪ್ಪಿದ ಮೊತ್ತ 14 ವರ್ಷಕ್ಕೆ 1,080 ಕೋಟಿ ಡಾಲರ್. ಲೂಯಿವಿಲ್‌ನ ಮುಖ್ಯ ಕೋಚ್ ರಿಕ್ ಪಿಟಿನೊ ಅವರ ವರ್ಷದ ಗಳಿಕೆ 70 ಲಕ್ಷ ಡಾಲರಿಗೂ ಹೆಚ್ಚಿತ್ತು. 2017ರ ಆಗಸ್ಟ್‌ನಲ್ಲಿ ಅದೇ ವಿಶ್ವವಿದ್ಯಾಲಯ ಅಡಿಡಾಸ್ ಜೊತೆ ಹತ್ತು ವರ್ಷಕ್ಕೆ 16 ಕೋಟಿ ಡಾಲರ್ ಮೌಲ್ಯದ ಒಪ್ಪಂದ ಪ್ರಕಟಿಸಿತು. ಆಟಗಾರನಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ: ಶುಲ್ಕ, ವಸತಿ, ಊಟ, ಪುಸ್ತಕ, ಜೊತೆಗೆ ಸಣ್ಣ ಕೈಖರ್ಚು. ಅದಕ್ಕಿಂತ ಹೆಚ್ಚಿಗೆ ಅವನಾಗಲಿ ಅವನ ಮನೆಯವರಾಗಲಿ ಪಡೆದರೆ, ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಸಂಸ್ಥೆಯ ಆಗಿನ ನಿಯಮದಂತೆ ಅವನು ಆಡಲು ಅನರ್ಹನಾಗುತ್ತಿದ್ದ.

ಹಾಗಾದರೆ ನೇರವಾಗಿ ವೃತ್ತಿಪರ ಎನ್‌ಬಿಎ ಲೀಗ್‌ಗೆ ಹೋಗಬಹುದಿತ್ತಲ್ಲ ಎಂದರೆ, ಆ ಬಾಗಿಲೂ ಮುಚ್ಚಿತ್ತು. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಗೆ ಡ್ರಾಫ್ಟ್ ಎನ್ನುತ್ತಾರೆ. 2006ರ ಡ್ರಾಫ್ಟ್‌ನಿಂದ ಎನ್‌ಬಿಎ ಒಂದು ನಿಯಮ ಹಾಕಿಕೊಂಡಿದೆ: ಆಟಗಾರನಿಗೆ ಹತ್ತೊಂಬತ್ತು ತುಂಬುತ್ತಿರಬೇಕು, ಅಮೆರಿಕದ ಹುಡುಗನಾದರೆ ಹೈಸ್ಕೂಲ್ ಮುಗಿದು ಒಂದು ವರ್ಷ ಕಳೆದಿರಬೇಕು. ಹಾಗಾಗಿ ಅತ್ಯುತ್ತಮ ಹುಡುಗರು ಒಂದು ವರ್ಷದ ಮಟ್ಟಿಗೆ ಕಾಲೇಜಿಗೆ ಬಂದು ಹೋಗುವ ಪದ್ಧತಿ ಬೆಳೆಯಿತು. ಮಾರುಕಟ್ಟೆಯಲ್ಲಿ ಅವರ ಬೆಲೆ ಲಕ್ಷಗಟ್ಟಲೆ ಡಾಲರ್, ಕಾಗದದ ಮೇಲೆ ಸೊನ್ನೆ. ಗುಟ್ಟಿನ ಹಣ ಹರಿಯುತ್ತಿದ್ದದ್ದು ಈ ಎರಡು ಅಂಕಿಗಳ ನಡುವಿನ ಸಂದಿನಲ್ಲಿ.

ಶೂ ಕಂಪನಿಗಳು ಇದರಲ್ಲಿ ಸೇರಿಕೊಳ್ಳುವುದು ಕಾಲೇಜಿಗಿಂತ ಬಹಳ ಮೊದಲೇ. ಹೈಸ್ಕೂಲ್ ಹುಡುಗರು ಬೇಸಿಗೆಯಲ್ಲಿ ಆಡುವ ಎಎಯು ತಂಡಗಳಿಗೆ ನೈಕಿ, ಅಡಿಡಾಸ್, ಅಂಡರ್ ಆರ್ಮರ್ ಪ್ರಾಯೋಜಕರು. ಹದಿನೈದು ಹದಿನಾರರ ಹುಡುಗ ಒಂದು ಕಂಪನಿಯ ಬೇಸಿಗೆ ತಂಡದಲ್ಲಿ ಆಡಿ, ಅದೇ ಕಂಪನಿಯ ಶೂ ತೊಡುವ ವಿಶ್ವವಿದ್ಯಾಲಯಕ್ಕೆ ಹೋಗಿ, ನಾಳೆ ಎನ್‌ಬಿಎ ತಾರೆಯಾದಾಗ ಅದೇ ಕಂಪನಿಗೆ ಸಹಿ ಹಾಕಲಿ ಎಂಬುದು ಅವರ ಆಸೆ. ಏಜೆಂಟರು, ಹಣಕಾಸು ಸಲಹೆಗಾರರು ಸುಳಿದಾಡುವುದೂ ಈ ದಾರಿಯ ಉದ್ದಕ್ಕೇ.

ಸ್ಯಾಗಿನಾದಿಂದ ಲೂಯಿವಿಲ್‌ಗೆ

ಬೋವೆನ್ ಮಿಷಿಗನ್ ರಾಜ್ಯದ ಸ್ಯಾಗಿನಾ ಊರಿನವನು. ತನ್ನ ವಯಸ್ಸಿನ ಆಟಗಾರರಲ್ಲಿ ದೇಶದ ಅಗ್ರ ಸಾಲಿನಲ್ಲಿದ್ದವನು. ಡಾಕಿನ್ಸ್ ಕೂಡ ಅದೇ ಊರಿನವರು. ಅವರ ತಂದೆ ಅಲ್ಲಿನ ಹೈಸ್ಕೂಲ್ ತಂಡದ ಹೆಸರಾಂತ ಕೋಚ್ ಆಗಿದ್ದವರು. ಹಾಗಾಗಿ ಬೋವೆನ್ ಮನೆಯವರಿಗೆ ಡಾಕಿನ್ಸ್ ಎಲ್ಲಿಂದಲೋ ಬಂದ ದಲ್ಲಾಳಿಯಾಗಿ ಕಂಡಿರಲಿಕ್ಕಿಲ್ಲ, ಊರಿನ ಹುಡುಗ. ಈ ಸಂಗತಿಯನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಇಂಥ ವ್ಯವಹಾರಗಳು ಅಪರಿಚಿತರ ನಡುವೆ ಕುದುರುವುದಿಲ್ಲ. ನಂಬಿಕೆ ಮೊದಲು ಬರುತ್ತದೆ, ನೋಟು ಆಮೇಲೆ.

2017ರ ಜೂನ್ ಆರಂಭದಲ್ಲಿ ಬೋವೆನ್ ಲೂಯಿವಿಲ್ ಸೇರುವುದಾಗಿ ಪ್ರಕಟಿಸಿದಾಗ ಆಟದ ವಲಯಕ್ಕೆ ಅಚ್ಚರಿಯಾಯಿತು. ಅಷ್ಟು ದಿನ ಅವನ ಹೆಸರಿನ ಜೊತೆ ಕೇಳಿಬರುತ್ತಿದ್ದದ್ದು ಬೇರೆ ವಿಶ್ವವಿದ್ಯಾಲಯಗಳು. ಇಷ್ಟು ತಡವಾಗಿ ಇಂಥ ಆಟಗಾರ ದೊರೆತದ್ದು ತಮ್ಮ ವೃತ್ತಿಜೀವನದ ದೊಡ್ಡ ಅದೃಷ್ಟ ಎಂಬ ಅರ್ಥದಲ್ಲಿ ಪಿಟಿನೊ ಆಗ ಮಾತನಾಡಿದ್ದರು.

ಒಳಗೆ ನಡೆದಿದ್ದದ್ದು ಬೇರೆ. ತಂದೆಗೆ ನಾಲ್ಕು ಕಂತುಗಳಲ್ಲಿ ಒಂದು ಲಕ್ಷ ಡಾಲರ್ ಕೊಡುವುದೆಂದು ಡಾಕಿನ್ಸ್, ಕೋಡ್, ಗ್ಯಾಟೊ ನಡುವೆ ಮಾತಾಗಿತ್ತು. ಕಂಪನಿಯ ಪುಸ್ತಕದಲ್ಲಿ ಇದು ಕಾಣಬಾರದು. ಅದಕ್ಕಾಗಿ ಬೇಸಿಗೆ ತಂಡದ ಹೆಸರಿನಲ್ಲಿ ಸುಳ್ಳು ಬಿಲ್ ಮಾಡಿ, ತಂಡದ ಖರ್ಚೆಂದು ತೋರಿಸಿ, ಅಲ್ಲಿಂದ ಹಣ ದಾಟಿಸುವ ಉಪಾಯ. ಬಿಲ್ ಪಾಸಾಗಿ ಹಣ ಹೊರಬರುವುದು ತಡವಾಯಿತು. ತಂದೆಗೆ ಮೊದಲ ಕಂತು ಬೇಗ ಬೇಕು. ಆ ನಡುವಿನ ಕೊರತೆ ತುಂಬಿಸಲು ಹಣ ಒದಗಿಸಿದ್ದು ಡಾಕಿನ್ಸ್‌ರ ಹೊಸ ಕಂಪನಿಗೆ ಹೂಡಿಕೆದಾರನಾಗಿ ಬಂದಿದ್ದ ವ್ಯಕ್ತಿ. ಅವನು ವೇಷ ಮರೆಸಿಕೊಂಡಿದ್ದ ಎಫ್‌ಬಿಐ ಏಜೆಂಟ್.

ಇದನ್ನು ಮತ್ತೊಮ್ಮೆ ಓದಬೇಕು. ಹುಡುಗನ ಅರ್ಹತೆಯನ್ನು ಹಾಳುಮಾಡಿದ ಮೊದಲ ಕಂತು, ಅಪರಾಧ ಹಿಡಿಯಲು ಬಂದವರ ಕೈಯಿಂದಲೇ ಹೊರಟಿತ್ತು. 2017ರ ಜುಲೈನಲ್ಲಿ ನ್ಯೂಜೆರ್ಸಿಯಲ್ಲಿ ತಂದೆಯ ಕೈಸೇರಿದ ನಗದು 20 ಸಾವಿರ ಡಾಲರಿಗೆ ತುಸು ಕಡಿಮೆ. ಆಮೇಲೆ ಲೂಯಿವಿಲ್‌ನ ಸಹಾಯಕ ಕೋಚ್ ಒಬ್ಬರು ಬಾಡಿಗೆಗೆಂದು 1,300 ಡಾಲರ್ ಕೊಟ್ಟರು ಎಂದು ತಂದೆ ಸಾಕ್ಷಿ ಹೇಳಿದರು. ಉಳಿದ ಕಂತುಗಳು ಬರುವ ಮೊದಲೇ ಬಂಧನಗಳಾದವು.

ಈ ಏಜೆಂಟ್ ಇಲ್ಲಿಗೆ ಬಂದದ್ದು ಹೇಗೆ ಎಂಬುದಕ್ಕೆ ಮಾರ್ಟಿ ಬ್ಲೇಜರ್ ಎಂಬ ಪಿಟ್ಸ್‌ಬರ್ಗ್‌ನ ಹಣಕಾಸು ಸಲಹೆಗಾರರ ಕಥೆ ಬೇಕು. ಗ್ರಾಹಕರ ಹಣ ನುಂಗಿ ಸಿಕ್ಕಿಬಿದ್ದ ಬ್ಲೇಜರ್, ಶಿಕ್ಷೆ ತಗ್ಗಲಿ ಎಂದು 2014ರಿಂದ ಸರ್ಕಾರಕ್ಕೆ ಮಾಹಿತಿದಾರರಾದರು. ಕಾಲೇಜು ಕೋಚ್‌ಗಳಿಗೆ ಲಂಚ ಕೊಡುವ ದಾರಿ ತೋರಿಸಿದವರು ಅವರೇ. ಡಾಕಿನ್ಸ್‌ಗೆ ಕೋಚ್‌ಗಳಿಗೆ ದುಡ್ಡು ಕೊಡುವುದು ದಂಡ ಎನಿಸಿತ್ತು, ಕೊಡುವುದಾದರೆ ಆಟಗಾರರ ಮನೆಯವರಿಗೆ ಕೊಡೋಣ ಎಂಬುದು ಅವರ ವಾದ. ಗುಪ್ತ ಏಜೆಂಟ್ ಮಾತ್ರ ಕೋಚ್‌ಗಳೇ ಬೇಕೆಂದು ಪಟ್ಟುಹಿಡಿದ. ಆ ತನಿಖಾ ತಂಡದ ಏಜೆಂಟರಲ್ಲಿ ಒಬ್ಬ, ಸರ್ಕಾರದ ಹಣವನ್ನು ಲಾಸ್ ವೇಗಾಸ್‌ನಲ್ಲಿ ಜೂಜಾಡಿ ಕಳೆದದ್ದಕ್ಕೆ 2022ರಲ್ಲಿ ತಪ್ಪೊಪ್ಪಿಕೊಂಡ.

ಕಾನೂನು ಕಂಡ ಮೋಸ

ಗ್ಯಾಟೊ, ಕೋಡ್, ಡಾಕಿನ್ಸ್ ವಿಚಾರಣೆ 2018ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್ ಎದುರು ನಡೆಯಿತು. ಪ್ರಾಸಿಕ್ಯೂಷನ್‌ಗೆ ಒಂದು ತೊಡಕಿತ್ತು. ಆಟಗಾರನ ಮನೆಯವರಿಗೆ ದುಡ್ಡು ಕೊಡುವುದು ಎನ್‌ಸಿಎಎ ನಿಯಮಕ್ಕೆ ವಿರುದ್ಧ, ಆದರೆ ಎನ್‌ಸಿಎಎ ಒಂದು ಖಾಸಗಿ ಸಂಸ್ಥೆ. ಅದರ ನಿಯಮ ಮುರಿದರೆ ಜೈಲಿಗೆ ಹಾಕಲು ಬರುವುದಿಲ್ಲ. ಆದ್ದರಿಂದ ಅವರು ಕಟ್ಟಿದ ವಾದ ಹೀಗಿತ್ತು: ಹಣದ ವಿಷಯ ಮುಚ್ಚಿಟ್ಟದ್ದರಿಂದ, ಅನರ್ಹನಾದ ಆಟಗಾರನನ್ನು ಅರ್ಹನೆಂದು ನಂಬಿ ವಿಶ್ವವಿದ್ಯಾಲಯ ಅವನಿಗೆ ವಿದ್ಯಾರ್ಥಿವೇತನ ಕೊಟ್ಟಿತು. ವಿದ್ಯಾರ್ಥಿವೇತನ ವಿಶ್ವವಿದ್ಯಾಲಯದ ಆಸ್ತಿ. ಸುಳ್ಳಿನಿಂದ ಆ ಆಸ್ತಿ ಪಡೆದದ್ದು ವಂಚನೆ. ಲೂಯಿವಿಲ್ ಜೊತೆಗೆ ಕ್ಯಾನ್ಸಸ್, ನಾರ್ತ್ ಕೆರೊಲೈನಾ ಸ್ಟೇಟ್ ವಿಶ್ವವಿದ್ಯಾಲಯಗಳೂ ಹೀಗೆ ಮೋಸ ಹೋದವೆಂದು ನ್ಯಾಯಾಲಯದ ಮುಂದಿಡಲಾಯಿತು.

ಆರೋಪಿಗಳು ಹಣ ಕೊಟ್ಟದ್ದನ್ನು ಅಲ್ಲಗಳೆಯಲಿಲ್ಲ. ನಿಯಮ ಮುರಿದದ್ದು ಹೌದು, ಆದರೆ ನಾವು ವಿಶ್ವವಿದ್ಯಾಲಯಕ್ಕೆ ಕೇಡು ಬಯಸಲಿಲ್ಲ, ಅವರಿಗೆ ಒಳ್ಳೆಯ ಆಟಗಾರ ಸಿಗಲೆಂದೇ ಮಾಡಿದೆವು, ಅವರ ಕೋಚ್‌ಗಳಿಗೂ ಇದೇ ಬೇಕಿತ್ತು ಎಂದರು. ಜ್ಯೂರಿ ಒಪ್ಪಲಿಲ್ಲ. ಅಕ್ಟೋಬರ್ 24ರಂದು ಮೂವರೂ ತಪ್ಪಿತಸ್ಥರೆಂದು ತೀರ್ಪು ಬಂತು. 2019ರ ಮಾರ್ಚ್‌ನಲ್ಲಿ ಗ್ಯಾಟೊಗೆ ಒಂಬತ್ತು ತಿಂಗಳು, ಕೋಡ್ ಮತ್ತು ಡಾಕಿನ್ಸ್‌ಗೆ ಆರಾರು ತಿಂಗಳು ಸೆರೆವಾಸ ವಿಧಿಸಲಾಯಿತು. 2021ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪೀಠದ ಮೂವರಲ್ಲಿ ಜೆರಾರ್ಡ್ ಲಿಂಚ್ ಮಾತ್ರ, ರಕ್ಷಣಾ ಪಕ್ಷದ ಕೆಲವು ಸಾಕ್ಷ್ಯಗಳನ್ನು ಜ್ಯೂರಿಯ ಮುಂದೆ ಬಾರದಂತೆ ಮಾಡಿದ್ದರ ಬಗ್ಗೆ ಭಾಗಶಃ ಭಿನ್ನಮತ ಬರೆದರು.

ಕಾನೂನಿನ ಕಣ್ಣಿಗೆ ಈ ತೀರ್ಪು ಸರಿಯಿರಬಹುದು. ಸುಳ್ಳು ಹೇಳಿದರು, ಹಣ ಮರೆಮಾಚಿದರು, ಸುಳ್ಳು ಬಿಲ್ ಮಾಡಿದರು, ಇದು ಸಣ್ಣ ತಪ್ಪಲ್ಲ. ಆದರೆ ವಿಶ್ವವಿದ್ಯಾಲಯವನ್ನು ಅಮಾಯಕ ಸಂತ್ರಸ್ತನ ಸ್ಥಾನದಲ್ಲಿ ಕೂರಿಸುವುದನ್ನು ನೈತಿಕವಾಗಿ ಒಪ್ಪಲು ನನ್ನಿಂದ ಆಗುವುದಿಲ್ಲ. ಶೂ ಕಂಪನಿಯಿಂದ 16 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡ ಸಂಸ್ಥೆ, ಆ ಕಂಪನಿ ಯಾವ ಲಾಭಕ್ಕಾಗಿ ಅಷ್ಟು ಹಣ ಸುರಿಯುತ್ತಿದೆ ಎಂದು ಕೇಳಬೇಕಿತ್ತು. ಸಹಾಯಕ ಕೋಚ್‌ಗಳು ಯಾರ ಜೊತೆ ಮಾತನಾಡುತ್ತಿದ್ದಾರೆ, ಕೊನೇ ಗಳಿಗೆಯಲ್ಲಿ ಈ ಆಟಗಾರ ಹೇಗೆ ಬಂದ ಎಂದು ಕೆದಕಬೇಕಿತ್ತು. ಅದೂ ಈ ವಿಶ್ವವಿದ್ಯಾಲಯಕ್ಕೆ ಎಚ್ಚರಿಕೆ ಬೇಕಾದಷ್ಟು ಸಿಕ್ಕಿತ್ತು. ಆಟಗಾರರನ್ನು ಸೆಳೆಯಲು ವಸತಿಗೃಹದಲ್ಲಿ ನಗ್ನ ನರ್ತಕಿಯರನ್ನು ಕರೆಸಿದ ಹಗರಣದಲ್ಲಿ ಎನ್‌ಸಿಎಎ ಲೂಯಿವಿಲ್‌ಗೆ ಶಿಕ್ಷೆ ಪ್ರಕಟಿಸಿದ್ದು, ಪಿಟಿನೊ ಅವರನ್ನು ಐದು ಪಂದ್ಯಗಳಿಗೆ ಅಮಾನತು ಮಾಡಿದ್ದು 2017ರ ಜೂನ್‌ನಲ್ಲೇ, ಬೋವೆನ್ ಒಪ್ಪಿಗೆ ಕೊಟ್ಟ ಅದೇ ತಿಂಗಳು. 2013ರಲ್ಲಿ ಗೆದ್ದ ರಾಷ್ಟ್ರೀಯ ಪ್ರಶಸ್ತಿಯನ್ನು ಆ ಹಗರಣದ ಕಾರಣ 2018ರಲ್ಲಿ ಕಳೆದುಕೊಂಡರು.

ಪಿಟಿನೊ ಅವರಿಗೆ ಹಣದ ವಿಷಯ ಗೊತ್ತಿತ್ತೇ? ಆ ದಿನಗಳಲ್ಲಿ ಗ್ಯಾಟೊ ಮತ್ತು ಅವರ ನಡುವೆ ಫೋನ್ ಕರೆಗಳು ನಡೆದಿದ್ದವೆಂದು ಪ್ರಾಸಿಕ್ಯೂಷನ್ ದಾಖಲೆಯಲ್ಲಿದೆ. ಗೊತ್ತಿರಲಿಲ್ಲ ಎಂದು ಅವರು ಮೊದಲಿನಿಂದಲೂ ಹೇಳಿದ್ದಾರೆ, ಅವರ ಮೇಲೆ ಯಾವ ಕ್ರಿಮಿನಲ್ ಆರೋಪವೂ ಬರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆಯಿತು. ನನ್ನ ಮಟ್ಟಿಗೆ ಅವರಿಗೆ ಗೊತ್ತಿತ್ತೇ ಎಂಬುದಕ್ಕಿಂತ ಮುಖ್ಯವಾದದ್ದು ಇದು: ಒಂದು ಲಕ್ಷ ಡಾಲರ್ ಎಂದರೆ ಅವರ ಒಂದು ವಾರದ ಗಳಿಕೆಗಿಂತ ಕಡಿಮೆ. ಆ ಗಳಿಕೆ ನಿಂತಿರುವುದು ಇಂಥ ಹುಡುಗರ ಆಟದ ಮೇಲೆ. ಹೀಗಿರುವಾಗ ಗೊತ್ತಾಗದಂತೆ ಉಳಿಯುವುದೇ ಮುಖ್ಯ ಕೋಚ್‌ಗೆ ಅನುಕೂಲ. ಓಡಾಡಿ ಕೈ ಕೆಸರು ಮಾಡಿಕೊಳ್ಳುವವರು ಸಹಾಯಕರು. ಆರೋಪ ಹೊತ್ತ ನಾಲ್ವರು ಸಹಾಯಕ ಕೋಚ್‌ಗಳೂ ಕಪ್ಪು ಜನಾಂಗದವರು. ಇಡೀ ಪ್ರಕರಣದಲ್ಲಿ ಒಬ್ಬೇ ಒಬ್ಬ ಮುಖ್ಯ ಕೋಚ್ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ.

ಆ ಸಹಾಯಕ ಕೋಚ್‌ಗಳ ತಪ್ಪು ಬೇರೆ ಬಗೆಯದು, ಅದನ್ನು ಇಲ್ಲಿ ಹೋಲಿಸಲೇಬೇಕು. ತಮ್ಮನ್ನು ನಂಬಿದ ಆಟಗಾರರನ್ನು ಇಂಥ ಹಣಕಾಸು ಸಲಹೆಗಾರನ ಬಳಿಗೇ ಕಳಿಸುತ್ತೇವೆ ಎಂದು ಅವರು ಲಂಚ ಪಡೆದಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆಬರ್ನ್ ವಿಶ್ವವಿದ್ಯಾಲಯದ ಚಕ್ ಪರ್ಸನ್ ಪಡೆದದ್ದು 91,500 ಡಾಲರ್. ಅವರಿಗೆ ಸಿಕ್ಕಿದ್ದು ಎರಡು ವರ್ಷದ ಪ್ರೊಬೇಷನ್ (ಜೈಲಿನ ಬದಲು ನಿಗಾ), 200 ಗಂಟೆಗಳ ಸಮುದಾಯ ಸೇವೆ. ಲಾಮಾಂಟ್ ಎವಾನ್ಸ್, ಬುಕ್ ರಿಚರ್ಡ್‌ಸನ್ ಮೂರು ಮೂರು ತಿಂಗಳು ಜೈಲಿಗೆ ಹೋದರು. ಆಟಗಾರನ ಮನೆಗೆ ಹಣ ಮುಟ್ಟಿಸಿದವನಿಗೆ ಒಂಬತ್ತು ತಿಂಗಳು, ಆಟಗಾರನ ನಂಬಿಕೆಯನ್ನು ಮಾರಿಕೊಂಡವನಿಗೆ ಮನೆಯಲ್ಲೇ ಉಳಿಯುವ ಅವಕಾಶ. ಪ್ರತಿ ನ್ಯಾಯಾಧೀಶರಿಗೂ ಅವರವರ ಕಾರಣಗಳಿದ್ದವು, ನಿಜ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಎರಡನೆಯದೇ ಹೆಚ್ಚು ಘೋರ ಎಂದು ನನಗೆ ಅನ್ನಿಸುತ್ತದೆ.

ತಂದೆಯ ತಪ್ಪು

ತಂದೆ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು, ತನ್ನ ಮೇಲೆ ಮೊಕದ್ದಮೆ ಇಲ್ಲವೆಂಬ ಭರವಸೆ ಪಡೆದು ಸಾಕ್ಷಿ ಹೇಳಿದರು. ಲೂಯಿವಿಲ್ ಹಣವಷ್ಟೇ ಅಲ್ಲ, ಮಗ ಅಡಿಡಾಸ್ ಪ್ರಾಯೋಜಿತ ಬೇಸಿಗೆ ತಂಡದಲ್ಲಿ ಆಡಿದ್ದಕ್ಕೂ ಹಣ ಬಂದಿತ್ತು ಎಂದರು. ಬೇರೆ ಕೆಲವು ವಿಶ್ವವಿದ್ಯಾಲಯಗಳ ಕಡೆಯಿಂದಲೂ ಆಮಿಷಗಳಿವೆ ಎಂದು ಡಾಕಿನ್ಸ್ ತನಗೆ ಹೇಳಿದ್ದಾಗಿ ತಿಳಿಸಿದರು. ಮಗನಿಗೆ ಇದು ಯಾವುದೂ ಗೊತ್ತಿರಲಿಲ್ಲ ಎಂದರು. ಮಗನ ಆಟದ ಪ್ರಶ್ನೆ ಬಂದಾಗ ಕಟಕಟೆಯಲ್ಲಿ ಅತ್ತುಬಿಟ್ಟರು.

ಈ ತಂದೆಯ ಬಗ್ಗೆ ಬರೆಯುವಾಗ ಸುಲಭದ ಎರಡು ದಾರಿಗಳಿವೆ. ಮಗನನ್ನು ಮಾರಿದ ಲೋಭಿ ಎನ್ನುವುದು ಒಂದು. ಅನ್ಯಾಯದ ವ್ಯವಸ್ಥೆಯಲ್ಲಿ ತನ್ನ ಪಾಲು ಪಡೆದ ಬಡಪಾಯಿ ಎನ್ನುವುದು ಇನ್ನೊಂದು. ಎರಡರಲ್ಲೂ ನನಗೆ ಸಮಾಧಾನವಿಲ್ಲ. ಮಗನ ಪ್ರತಿಭೆಗೆ ಬೆಲೆ ಇದೆ, ಅದು ಯಾರಿಗಾದರೂ ಸಲ್ಲಬೇಕಾದರೆ ಆ ಮನೆಗೆ ಸಲ್ಲಬೇಕು ಎಂಬುದರಲ್ಲಿ ತಪ್ಪಿಲ್ಲ. ಕೋಚ್, ಕಂಪನಿ, ವಾಹಿನಿ ಎಲ್ಲರೂ ಉಣ್ಣುವಾಗ ಆಡುವವನ ಮನೆ ಮಾತ್ರ ಉಪವಾಸವಿರಬೇಕೆಂಬ ನಿಯಮ ನೀತಿಯಲ್ಲ. ಹಣ ಮುಟ್ಟಿದ್ದೇ ಪಾಪ ಎಂದು ನಾನು ಹೇಳುವುದಿಲ್ಲ.

ತಪ್ಪು ಇರುವುದು ಮುಚ್ಚಿಟ್ಟದ್ದರಲ್ಲಿ, ಅದೂ ಮಗನಿಂದ. ಎನ್‌ಸಿಎಎ ನಿಯಮದಲ್ಲಿ ಶಿಕ್ಷೆ ಬೀಳುವುದು ತಂದೆಯ ಮೇಲಲ್ಲ, ಮಗನ ಮೇಲೆ. ಹಾಗಿರುವಾಗ ಆ ಅಪಾಯವನ್ನು ಹೊರುವವನಿಗೆ ಅಪಾಯ ಇದೆಯೆಂದು ತಿಳಿಸದೆ ನಿರ್ಧಾರ ಮಾಡಲಾಯಿತು. ತಾನು ಅರ್ಹ ಎಂಬ ಕಾಗದಕ್ಕೆ ಹುಡುಗ ತಿಳಿಯದೆ ಸಹಿ ಹಾಕಿದ. ಓದುವ ಜಾಗ, ಕೋಚ್, ತಂಡ, ಇವೆಲ್ಲ ತನ್ನ ಆಯ್ಕೆ ಎಂದು ಅವನು ನಂಬಿದ್ದ. ಆ ಆಯ್ಕೆಯ ಹಿಂದೆ ಎಷ್ಟು ಜನರ ಲೆಕ್ಕಾಚಾರವಿತ್ತೆಂದು ಅವನಿಗೆ ತಿಳಿದದ್ದು ಬಂಧನದ ಸುದ್ದಿ ಬಂದ ಮೇಲೆ. ತಂದೆ, ಊರಿನ ಡಾಕಿನ್ಸ್, ಕಂಪನಿಯ ಗ್ಯಾಟೊ, ಹೂಡಿಕೆದಾರನ ವೇಷದ ಏಜೆಂಟ್: ಇವರಲ್ಲಿ ಒಬ್ಬರಾದರೂ ಹುಡುಗನನ್ನು ಕೂರಿಸಿ ಹೇಳಿದ್ದರೆ ಅವನು ಬೇಡ ಎನ್ನಬಹುದಿತ್ತು, ಇಲ್ಲವೇ ವಿದೇಶಿ ಲೀಗ್‌ಗೆ ಹೋಗಿ ಬಹಿರಂಗವಾಗಿ ಸಂಬಳ ಪಡೆಯಬಹುದಿತ್ತು.

ಮುಂದೆ ಅವನು ಹೋದದ್ದೂ ಅಲ್ಲಿಗೇ. ಲೂಯಿವಿಲ್ ಅವನನ್ನು ಒಂದೇ ಒಂದು ಪಂದ್ಯ ಆಡಿಸಲಿಲ್ಲ. 2018ರ ಜನವರಿಯಲ್ಲಿ ಸೌತ್ ಕೆರೊಲೈನಾ ವಿಶ್ವವಿದ್ಯಾಲಯ ಸೇರಿದ, ಮುಂದಿನ ಋತುವಿನಲ್ಲೂ ಆಡಲು ಎನ್‌ಸಿಎಎ ಬಿಡಲಿಲ್ಲ. ಕೊನೆಗೆ ಆಸ್ಟ್ರೇಲಿಯದ ಸಿಡ್ನಿ ಕಿಂಗ್ಸ್ ತಂಡಕ್ಕೆ ಆಡಿದ. 2019ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಯಾರೂ ಅವನನ್ನು ಆರಿಸಲಿಲ್ಲ. ಇಂಡಿಯಾನಾ ಪೇಸರ್ಸ್ ಜೊತೆ, ಎನ್‌ಬಿಎ ಮತ್ತು ಅದರ ಕೆಳಗಿನ ಲೀಗ್ ಎರಡರಲ್ಲೂ ಆಡುವ ಸಣ್ಣ ಒಪ್ಪಂದ ಸಿಕ್ಕಿತು.

ಹುಡುಗ ಸುಮ್ಮನೆ ಕೂರಲಿಲ್ಲ. 2018ರ ನವೆಂಬರ್‌ನಲ್ಲಿ ಅಡಿಡಾಸ್ ಮೇಲೆ, ಸಂಘಟಿತ ಅಪರಾಧದ ವಿರುದ್ಧ ಇರುವ ಫೆಡರಲ್ ಕಾಯ್ದೆಯಡಿ ದಾವೆ ಹೂಡಿದ. ಇಲ್ಲಿ ಈ ಪ್ರಕರಣದ ಅತ್ಯಂತ ನೋವಿನ ತಿರುವು ಇದೆ. ಆ ಕಾಯ್ದೆಯಡಿ ಪರಿಹಾರ ಬೇಕಾದರೆ ವ್ಯವಹಾರಕ್ಕೋ ಆಸ್ತಿಗೋ ಹಾನಿಯಾಗಿರಬೇಕು. ಎನ್‌ಸಿಎಎ ಅರ್ಹತೆ ಮತ್ತು ಅದರಿಂದ ಸಿಗಬಹುದಾಗಿದ್ದ ಲಾಭ ಕಳೆದುಕೊಂಡದ್ದು ಅಂಥ ಹಾನಿಯಲ್ಲ ಎಂದು ನ್ಯಾಯಾಲಯ 2021ರಲ್ಲಿ ದಾವೆಯನ್ನು ತಳ್ಳಿಹಾಕಿತು. 2023ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಹೇಳಿತು. ಎರಡು ತೀರ್ಪುಗಳು ಬೇರೆ ಬೇರೆ ಕಾಯ್ದೆಗಳ ಮೇಲೆ ನಿಂತಿವೆ, ಹಾಗಾಗಿ ಒಂದಕ್ಕೊಂದು ವಿರುದ್ಧ ಎನ್ನಲಾಗದು. ಫಲ ಮಾತ್ರ ಹೀಗಾಯಿತು: ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿವೇತನ ಆಸ್ತಿ, ಅದಕ್ಕಾಗಿ ಮೂವರು ಜೈಲಿಗೆ ಹೋದರು. ಹುಡುಗ ಕಳೆದುಕೊಂಡ ಕಾಲೇಜು ಆಟದ ಅವಕಾಶ ಆಸ್ತಿಯಲ್ಲ, ಅದಕ್ಕೆ ಯಾರೂ ಕಾಸು ಕೊಡಬೇಕಾಗಿಲ್ಲ.

ಆಮೇಲೆ ಬದಲಾದದ್ದು

ಎನ್‌ಸಿಎಎ ಅಮೆರಿಕದ ಮಾಜಿ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ನೇತೃತ್ವದಲ್ಲಿ ಸಮಿತಿ ಮಾಡಿತು, 2018ರ ಏಪ್ರಿಲ್‌ನಲ್ಲಿ ವರದಿ ಬಂತು. ಅದರ ಶಿಫಾರಸಿನಂತೆ ಹುಟ್ಟಿದ ಸ್ವತಂತ್ರ ವಿಚಾರಣಾ ಮಂಡಳಿ ಲೂಯಿವಿಲ್ ಬಗ್ಗೆ ತೀರ್ಮಾನ ಕೊಟ್ಟದ್ದು 2022ರ ನವೆಂಬರ್‌ನಲ್ಲಿ, ಐದು ವರ್ಷ ಕಳೆದ ಮೇಲೆ: ಎರಡು ವರ್ಷ ಪ್ರೊಬೇಷನ್, 5,000 ಡಾಲರ್ ದಂಡ. ಟೂರ್ನಿಯಿಂದ ನಿಷೇಧವಿಲ್ಲ, ಪಿಟಿನೊಗೆ ಶಿಕ್ಷೆಯಿಲ್ಲ. ಅವರು ಗ್ರೀಸ್‌ನಲ್ಲಿ ತರಬೇತಿ ಕೊಟ್ಟು, ಅಮೆರಿಕದ ಅಯೋನಾ ಕಾಲೇಜಿಗೆ ಬಂದು, 2023ರಲ್ಲಿ ನ್ಯೂಯಾರ್ಕ್‌ನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು.

ನಿಜವಾದ ಬದಲಾವಣೆ ಬಂದದ್ದು ಬೇರೆ ಕಡೆಯಿಂದ. 2021ರ ಜೂನ್‌ನಲ್ಲಿ, ಆಟಗಾರರಿಗೆ ಕಾಲೇಜು ಕೊಡುವ ಓದಿನ ಸವಲತ್ತುಗಳಿಗೆ ಹಾಕಿದ್ದ ಮಿತಿಯ ಕುರಿತ ಆಲ್ಸ್‌ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಇಂದಿನ ದಿನ ಬೋವೆನ್‌ನಂಥ ಆಟಗಾರನಿಗೆ ಒಂದು ಲಕ್ಷ ಡಾಲರ್ ದೊಡ್ಡ ಮೊತ್ತವೇ ಅಲ್ಲ, ಅದು ಅವನ ಹೆಸರಿನಲ್ಲೇ ಬರುತ್ತದೆ, ತೆರಿಗೆ ಕಟ್ಟಿದರಾಯಿತು. ಅದೇ ಹಣ ದಾಟಿಸಿ ಜೈಲು ಕಂಡವರ ಶಿಕ್ಷೆ ಮಾತ್ರ ಮುಗಿದ ಕಥೆ.

ಹೀಗಾದ ಮಾತ್ರಕ್ಕೆ ಲೂಯಿವಿಲ್ ಪ್ರಕರಣ ಹಳತಾಯಿತೆಂದು ನಾನು ಭಾವಿಸುವುದಿಲ್ಲ. ಮಕ್ಕಳನ್ನು ಅಮೆರಿಕದ ಕಾಲೇಜು ತಂಡಗಳಿಗೆ ಸೇರಿಸಲು ಓಡಾಡುವ ಯಾವ ಮನೆಯವರಿಗೂ, ಅಲ್ಲಿ ನೆಲೆಸಿದ ಕನ್ನಡದ ಮನೆಗಳೂ ಸೇರಿ, ಇದು ಬೇಕಾದ ಪಾಠವೇ. ಈಗ ಹೊರಗಿನವರಿಂದ ಆಟಗಾರ ಪಡೆಯುವ 600 ಡಾಲರಿಗೆ ಮೇಲ್ಪಟ್ಟ ಒಪ್ಪಂದಗಳನ್ನು ಪರಿಶೀಲನೆಗೆ ಸಲ್ಲಿಸಬೇಕು. ಆ ಮೊತ್ತ ನ್ಯಾಯವಾದದ್ದೇ, ನೆಪಕ್ಕೆ ಮಾಡಿದ್ದೇ ಎಂದು ಅಲ್ಲಿ ನೋಡುತ್ತಾರೆ. ಆಟಗಾರನ ಸುತ್ತ ನಿಂತವರು, ತಂದೆತಾಯಿ, ಬೇಸಿಗೆ ತಂಡದ ಕೋಚ್, ಮನೆಗೆ ಬಂದುಹೋಗುವ ಸಲಹೆಗಾರ, ಬೇರೆಯಾಗಿ ಏನು ಪಡೆದರು ಎಂಬ ಲೆಕ್ಕ ಮೊದಲು ತಲುಪಬೇಕಾದದ್ದು ಪರಿಶೀಲಕನ ಮೇಜಿಗಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಆ ಪಟ್ಟಿ ಲಿಖಿತವಾಗಿ ಆಟಗಾರನ ಕೈಯಲ್ಲಿರಬೇಕು, ಕೊಡದೆ ಮುಚ್ಚಿಟ್ಟವರ ಮೇಲೆ ದಾವೆ ಹೂಡುವ ಹಕ್ಕು ಅವನದಾಗಿರಬೇಕು. ಬೋವೆನ್‌ಗೆ 2017ರ ಜೂನ್‌ನಲ್ಲಿ ಮೊದಲನೆಯದು ಇರಲಿಲ್ಲ, 2023ರ ಅಕ್ಟೋಬರ್‌ನಲ್ಲಿ ಎರಡನೆಯದೂ ಸಿಗಲಿಲ್ಲ.